ಚೋರ್ಲಾ ಇಳಿದರೆ ಪಣಜಿಯ ಊಟ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮಗೆ ಪೋರ್ಚುಗೀಸರ ಊರಲ್ಲಿ ಎರಡು ದಿನ ಉಂಡುತಿಂದು ಬರಬೇಕೆಂದರೆ ವಿಮಾನ ಹತ್ತಬೇಕಿಲ್ಲ. ಬೆಳಗಾವಿ ದಾಟಿ, ಜಾಂಬೋಟಿಯ ಕಾಡು ಹಾಯ್ದು, ಚೋರ್ಲಾ ಘಾಟ್ ಇಳಿದರೆ ಪಣಜಿ. ಆ ಊರಿನ ಮುಂದೆ ಹರಿಯುವ ಮಾಂಡವಿಯೂ ನಮ್ಮ ಜಿಲ್ಲೆಯ ಹೊಳೆಯೇ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಅಲ್ಲಿಗೆ ಇಳಿದು ಹೋದದ್ದು. ಆದರೂ ನಮ್ಮ ಕಡೆಯಿಂದ ಗೋವೆಗೆ ಹೋದವರು ಸಮುದ್ರ ನೋಡಿ, ಬಾಟಲಿ ಕೊಂಡು, ಹಸಿವಾದಾಗ ‘ಇಲ್ಲಿ ರೊಟ್ಟಿ ಎಲ್ಲಿ ಸಿಗತಾವ್ರಿ?’ ಎಂದು ಕೇಳುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ರೊಟ್ಟಿ ಮನೆಯಲ್ಲಿ ಇದ್ದೇ ಇದೆ. ಪಣಜಿಯಲ್ಲಿ ಪಣಜಿಯದನ್ನೇ ಉಣ್ಣಬೇಕು.

ಅಲ್ಲಿಯ ಬೆಳಗು ಶುರುವಾಗುವುದು ಪಾವ್ ಮಾರುವ ಪೊದೇರನ ಹಾರ್ನಿನಿಂದ. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ, ಅದರೊಳಗೆ ಬಿಸಿ ಪಾವ್, ಗಟ್ಟಿ ಹೊರಪದರದ ಉಂಡೊ, ಬಳೆಯಾಕಾರದ ಕಾಂಕೊಣ್, ತವುಡು ಉದುರಿಸಿದ ಪೊಳಿ. ಹಿಂದೆ ಈ ಹಿಟ್ಟನ್ನು ಹುದುಗಿಸುತ್ತಿದ್ದದ್ದು ತೆಂಗಿನ ಸೇಂದಿಯಿಂದ. ನನಗೆ ಎಲ್ಲಕ್ಕಿಂತ ಮೇಲು ಪೊಳಿ. ಒಳಗೆ ಟೊಳ್ಳಾಗಿ ಉಬ್ಬಿರುವ ಅದನ್ನು ಮುರಿದರೆ ನಮ್ಮ ಒಲೆಯ ಮೇಲೆ ಉಬ್ಬಿದ ಬಿಸಿ ರೊಟ್ಟಿಯ ಹಾಗೆ ಹಬೆ ಹೊರಡುತ್ತದೆ. ಕೆಫೆ ತಾತೊ, ಕೆಫೆ ಭೋಸಲೆಯಂಥ ಹಳೆಯ ಕಡೆಗಳಲ್ಲಿ ಪಾತಳ್ ಭಾಜಿಯ ಜೊತೆ ಇದನ್ನು ತಿನ್ನಬೇಕು. ಕಾಯಿಹಾಲಿನಲ್ಲಿ ಬೆಂದ ಬಟಾಣಿಯ ಆ ತೆಳು ರಸಕ್ಕೆ ಪಾವ್ ಅದ್ದಿ, ನಡುನಡುವೆ ಮಿರ್ಚಿ ಭಜಿ ಕಡಿದು, ಚಹಾ ಕುಡಿಯುತ್ತ ಕೂತರೆ ಏಳಲು ಮನಸ್ಸೇ ಬಾರದು. ಅವಸರ ಮಾಡಿ ಏಳಲೂಬಾರದು.

ಮಧ್ಯಾಹ್ನಕ್ಕೆ ಪಣಜಿಯ ಹಳೆಯ ಕೇರಿ ಫೊಂತೈನ್ಯಾಸ್. ನೀಲಿ, ಹಳದಿ, ಕೆಮ್ಮಣ್ಣು ಬಣ್ಣದ ಗೋಡೆಗಳ ಓಣಿಗಳಲ್ಲಿ ವಿವಾ ಪಂಜಿಮ್, ವೆನಿಟೆಯಂಥ ಸಣ್ಣ ಊಟದ ಮನೆಗಳಿವೆ. ಹಲವು ಕಡೆ ಮೂರು ಗಂಟೆಯ ಮೇಲೆ ಒಲೆ ಆರಿಸಿ ಮಲಗುತ್ತಾರೆ, ಹಾಗಾಗಿ ಒಂದಕ್ಕೇ ಹೋಗಿ ಕೂರುವುದು ಒಳ್ಳೆಯದು. ಹಸಿ ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದು ಹಚ್ಚಿದ ಕಾಫ್ರಿಯಾಲ್ ಕೋಳಿ ಆಫ್ರಿಕದ ಮೊಜಾಂಬಿಕ್ ಕಡೆಯಿಂದ ಬಂದದ್ದು. ವಿಂದಾಲೂ ಲಿಸ್ಬನ್ ಬಿಟ್ಟಾಗ ದ್ರಾಕ್ಷಾರಸ, ಬೆಳ್ಳುಳ್ಳಿಯಲ್ಲಿ ನೆನೆಸಿದ ಮಾಂಸವಾಗಿತ್ತು. ಗೋವೆಗೆ ಬಂದ ಮೇಲೆ ದ್ರಾಕ್ಷಾರಸದ ಜಾಗಕ್ಕೆ ಸೇಂದಿಯ ಹುಳಿ ಬಂತು, ಮೇಲೆ ಕೆಂಪು ಮೆಣಸಿನಕಾಯಿ ಬಿತ್ತು. ಮಾಂಸ ಮುಟ್ಟದವರು ನಮ್ಮಲ್ಲಿ ಬಹಳ. ಅವರಿಗೆ ಅಳಸಂದೆಯ ತೊಣಾಕ್ ಇದೆ, ಹುರಿದ ಕೊಬ್ಬರಿ, ಗಸಗಸೆಯ ಅಣಬೆ ಶಾಕುತಿ ಇದೆ, ಕೊನೆಗೆ ಕೋಕಂ ಹುಳಿಯ ಸೋಲ್ ಕಢಿ ಇದೆ. ಗೋವೆಯಲ್ಲಿ ಬರೀ ಮೀನು ಎಂಬ ಮಾತು ಸುಳ್ಳು.

ಆ ಕೆಂಪು ಮೆಣಸಿನಕಾಯಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವೆಯನ್ನು ಬಿಜಾಪುರದ ಆದಿಲಶಾಹಿಯಿಂದ ಕಿತ್ತುಕೊಂಡ. ಹುಕ್ಕೇರಿಯ ಗುಮ್ಮಟಗಳೂ ಅದೇ ಆದಿಲಶಾಹಿ ಕಾಲದವು. ಅಮೆರಿಕದ ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ಘಾಟ್ ಹತ್ತಿ ಬಂದ ಆ ಕಾಯಿ ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಎಂಥ ಹೆಸರು ಮಾಡಿತೆಂದರೆ, ಸಂಕೇಶ್ವರಿ ಮೆಣಸಿನಕಾಯಿ ಎಂದರೆ ಮಹಾರಾಷ್ಟ್ರದ ಅಡುಗೆಮನೆಯವರಿಗೂ ಗೊತ್ತು. ಕೆಂಪು ಮೆಣಸಿನಕಾಯಿಯ ರಂಜಕ ಇಲ್ಲದ ರೊಟ್ಟಿಯನ್ನು ಇವತ್ತು ಊಹಿಸುವುದೂ ಕಷ್ಟ. ಪಣಜಿಯ ಊಟ ನನಗೆ ಪರಕೀಯ ಅನ್ನಿಸದಿರುವುದು ಇದರಿಂದಲೇ. ಹಡಗಿನಲ್ಲಿ ಬಂದದ್ದರಲ್ಲಿ ಅರ್ಧವನ್ನು ಅವರು ಉಂಡರು, ಅರ್ಧವನ್ನು ನಾವು.

ಗೋಡಂಬಿಯೂ ಹೀಗೆಯೇ ಬ್ರೆಜಿಲ್‌ನಿಂದ ಬಂದದ್ದು. ಗೋವೆಯವರು ಅದರ ಹಣ್ಣನ್ನು ತುಳಿದು, ರಸ ತೆಗೆದು, ಹುದುಗಿಸಿ ಭಟ್ಟಿ ಇಳಿಸುತ್ತಾರೆ. ಮೊದಲ ಇಳಿತ ಉರಾಕ್, ಬೇಸಿಗೆಯಲ್ಲಿ ಮಾತ್ರ ಸಿಗುವ ಹಗುರ ಪಾನೀಯ. ಲಿಂಬೆ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕೊಡುತ್ತಾರೆ. ಅದನ್ನು ಮತ್ತೆ ಇಳಿಸಿದರೆ ಫೆನಿ. 2009ರಲ್ಲಿ ಗೋಡಂಬಿ ಫೆನಿಗೆ ಭೌಗೋಳಿಕ ಗುರುತು ಸಿಕ್ಕಿತು. ಫೊಂತೈನ್ಯಾಸ್‌ನ ಜೋಸೆಫ್ ಬಾರಿನಂಥ ಪುಟ್ಟ ಕೋಣೆಯಲ್ಲಿ ಸಂಜೆ ಒಂದೇ ಗ್ಲಾಸು ಹಿಡಿದು ಕೂತವರಿಗೆ ಅದರ ಹಣ್ಣಿನ ಗಮಲು ತಿಳಿಯುತ್ತದೆ. ಗಟಗಟ ಕುಡಿದವರಿಗೆ ಬರೀ ಘಾಟು. ಅವರು ಹಣ್ಣನ್ನು ಹಿಂಡಿದರೆ, ಗೋಕಾಕದವರು ಬೀಜವನ್ನು ಹಿಡಿದರು: ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲ, ಉತ್ತತ್ತಿ, ಕೊಬ್ಬರಿಯ ಜೊತೆ ಅದನ್ನು ಸೇರಿಸಿ ಕರದಂಟು ಮಾಡಿದರು.

ಹೋಗುವಾಗ ಒಂದು ಡಬ್ಬಿ ಕರದಂಟು ಒಯ್ಯಿರಿ. ನಾನು ಇಳಿದುಕೊಂಡಿದ್ದ ಮನೆಯ ಮುದುಕಿಗೆ ಕೊಟ್ಟಾಗ ಆಕೆ ತುಂಡನ್ನು ಮೂಸಿ, ಕಡಿದು, ಬಹಳ ಹೊತ್ತು ಅಗಿದು, ‘ಗೋಂದನ್ನು ತುಪ್ಪದಲ್ಲಿ ಕರಿದು ಹಾಕ್ತೀರಾ?’ ಎಂದು ಕೇಳಿದರು. ಆಮೇಲೆ ಒಳಗಿನಿಂದ ಬೆಬಿಂಕ ತಂದರು. ಕಾಯಿಹಾಲು, ಮೊಟ್ಟೆಯ ಹಳದಿ, ಸಕ್ಕರೆ, ತುಪ್ಪ. ಒಂದು ಪದರ ಕೆಂಪಗೆ ಬೆಂದ ಮೇಲೆಯೇ ಅದರ ಮೇಲೆ ಇನ್ನೊಂದು. ಅರ್ಧ ದಿನದ ಕೆಲಸ ಅದು. ‘ಅವಸರದವರ ಕೈಯಲ್ಲಿ ಇದು ಆಗೋದಿಲ್ಲ’ ಎಂದ ಆಕೆ, ಕರದಂಟಿನ ಪಾಕ ಎಷ್ಟು ಎಳೆ ಬರಬೇಕು ಎಂದು ಕೇಳಿ, ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.