ತಪ್ಪು ಮೆಣಸಿನಕಾಯಿಯದಲ್ಲ

ಮೆಣಸಿನಕಾಯಿ ಘಾಟಿನಲ್ಲಿ ದುಡಿಯುವವನ ತಲೆಯ ಮೇಲೆ ಕೂದಲು ನಿಲ್ಲುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸೋಮವಾರ, ಗುರುವಾರ ಪೇಟೆಯ ದಿನ. ಸುಗ್ಗಿಯಲ್ಲಿ ಚೀಲ ಸುರಿದು ಲಾಟ್ ಮಾಡುವಾಗ ಏಳುವ ಧೂಳು ಕಣ್ಣು, ಮೂಗು, ಅಂಗಿಯ ಕಾಲರ್ ಯಾವುದನ್ನೂ ಬಿಡುವುದಿಲ್ಲ. ಮೂವತ್ತು ತುಂಬುವ ಮೊದಲೇ ಹಣೆಯ ಎರಡೂ ಮೂಲೆ ಒಳಕ್ಕೆ ಸರಿದು ನೆತ್ತಿ ತೆಳ್ಳಗಾದಾಗ ಅಪರಾಧಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಎದುರಿಗೇ ಕೆಂಪಗೆ ರಾಶಿ ಬಿದ್ದಿತ್ತು.

ಆ ನಂಬಿಕೆ ಸುಳ್ಳೆನ್ನುವ ಸಾಕ್ಷಿಯೂ ಅಲ್ಲೇ ಕೂತಿತ್ತು. ಬೆಳಗಿನಿಂದ ಸಂಜೆಯ ತನಕ ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ನನಗಿಂತ ಎಷ್ಟೋ ಪಟ್ಟು ಹೆಚ್ಚು ಘಾಟು ಕುಡಿಯುತ್ತಾರೆ. ಅವರ ತುರುಬು ನೋಡಬೇಕು. ಚೀಲ ಹೊರುವ ಹಮಾಲರಲ್ಲಿ ಅರವತ್ತು ದಾಟಿದವರಿಗೂ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲಿದೆ. ಅದೂ ಅಲ್ಲದೆ ಬ್ಯಾಡಗಿ ಕಾಯಿ ಹೆಸರಾಗಿರುವುದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ತುಟಿಗೆ ಒಗ್ಗುವ ಕಾಯಿಗೆ ನನ್ನ ನೆತ್ತಿಯ ಮೇಲೆ ಮಾತ್ರ ಯಾತರ ಹಗೆ?

ಮನೆತನದ್ದಿರಬಹುದೇ ಎಂದು ಒಮ್ಮೆ ಯೋಚಿಸಿದ್ದುಂಟು. ಅಪ್ಪನಿಗೆ ತಲೆತುಂಬ ಕೂದಲಿತ್ತು, ಹಾಗಾಗಿ ಅಲ್ಲಿಗೇ ಬಿಟ್ಟೆ. ಅಜ್ಜ ಸದಾ ಪಟಗ ಸುತ್ತಿರುತ್ತಿದ್ದವರು. ಅದರ ಕೆಳಗೆ ಏನಿತ್ತೆಂದು ಮೊಮ್ಮಕ್ಕಳಾರೂ ಕಂಡವರಲ್ಲ. ಬಹಳ ವರ್ಷಗಳ ಮೇಲೆ ಅವ್ವನನ್ನು ಕೇಳಿದೆ. “ನಿಮ್ಮಜ್ಜಂದಾ? ಪಟಗ ತೆಗದ್ರ ಬೆಳಗಿದ ಕೊಡ ಇದ್ದಂಗಿತ್ತು” ಅಂದಳು.

ಕಾರಣ ಹೊರಗಿದೆ ಎಂದುಕೊಂಡವನು ಮದ್ದನ್ನೂ ಹೊರಗೇ ಹುಡುಕುತ್ತಾನೆ. ಜಾತ್ರೆಯಲ್ಲಿ ಬೇರು, ನಾರು ತೇಲಿಸಿಟ್ಟ ಎಣ್ಣೆಯ ಶೀಶೆ ಕೊಂಡೆ. ಬೋರಿನ ಸವಳು ನೀರಿನ ಮೇಲೆ ಅನುಮಾನ ಬಂದು, ರಾಣೆಬೆನ್ನೂರಿನ ನೆಂಟರ ಮನೆಯ ನಲ್ಲಿಯಿಂದ ತುಂಗಭದ್ರೆಯ ನೀರನ್ನು ಕ್ಯಾನಿನಲ್ಲಿ ತುಂಬಿ ಬಸ್ಸಿನಲ್ಲಿ ತಂದು ತಲೆ ತೊಳೆದೆ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ನಡುವೆ ತುಂಡಾಗುತ್ತದೆ ನಿಜ; ಆದರೆ ಅದು ಹಣೆಯ ಮೂಲೆ ಮತ್ತು ನೆತ್ತಿಯನ್ನಷ್ಟೇ ಆರಿಸಿ ಬೋಳು ಮಾಡುವುದಿಲ್ಲ. ನನ್ನ ಕಿವಿಯ ಮೇಲಿನ, ಹಿಂದಲೆಯ ಕೂದಲು ಅದೇ ಬೋರಿನ ನೀರು ಕುಡಿದು ಗಟ್ಟಿಯಾಗಿಯೇ ಇತ್ತು.

ಒಮ್ಮೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದರು. ಬೋಳಿಸಿದೆ. ಪೇಟೆಗೆ ಬಂದ ರೈತರೆಲ್ಲ “ತಿರುಪತಿಗೆ ಹೋಗಿದ್ರೇನ್ರಿ? ಲಾಡು ಎಲ್ಲೈತಿ?” ಎಂದು ಕೈ ಒಡ್ಡಿದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಮೊದಲ ಕೆಲ ವಾರ ಕೈಗೆ ದಪ್ಪ ಎನಿಸುತ್ತದೆ, ಅಷ್ಟೇ. ಬುಡ ಚರ್ಮದೊಳಗಿದೆ, ಕತ್ತಿ ಅಲ್ಲಿಯ ತನಕ ಹೋಗುವುದಿಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿಯವರ ಬೋಳುತಲೆಯವನ ಸಿನಿಮಾ ‘ಒಂದು ಮೊಟ್ಟೆಯ ಕಥೆ’ ಬಂದಾಗ ಗೆಳೆಯರು ಎಳೆದುಕೊಂಡು ಹೋದರು. ಕತ್ತಲಲ್ಲೂ ಟೋಪಿ ತೆಗೆಯದೆ, ಎಲ್ಲರಿಗಿಂತ ಜೋರಾಗಿ ನಕ್ಕೆ.

ಇವೆಲ್ಲ ನಗುವ ಮಾತು. ನಗಲಾರದ್ದು ಲೋಶನ್ನಿನ ಕಥೆ. ಮೆಡಿಕಲ್ ಅಂಗಡಿಯವನು ಮಿನಾಕ್ಸಿಡಿಲ್ ಕೊಟ್ಟ. ಇಷ್ಟೆಲ್ಲದರ ನಡುವೆ ಗುಣ ಕೊಡಬಹುದಾಗಿದ್ದದ್ದು ಅದೊಂದೇ. ಹಚ್ಚತೊಡಗಿದ ಮೂರ್ನಾಲ್ಕು ವಾರಕ್ಕೆ ದಿಂಬಿನ ಮೇಲೆ ಮೊದಲಿಗಿಂತ ಹೆಚ್ಚು ಕೂದಲು ಬಿದ್ದವು. ಮೋಸ ಹೋದೆನೆಂದು ಶೀಶೆಯನ್ನು ತಿಪ್ಪೆಗೆ ಎಸೆದೆ. ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ನೂಕಿ ಹೊಸದು ಹೊರಡುವಾಗ ಹೀಗೆ ಉದುರುವುದು ಸಹಜ, ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು ಎನ್ನುವುದನ್ನು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಷ್ಟಕ್ಕೆ ನಿಲ್ಲಿಸಿ ಉಳಿದ ವರ್ಷಗಳನ್ನು ಮತ್ತೆ ಎಣ್ಣೆಗೆ ಸುರಿದೆ.

ನನ್ನ ತಲೆ ನನಗೆ ಸೇರಿದ್ದು, ಹಾಳು ಮಾಡಿಕೊಂಡೆ. ತಂಗಿಯ ವಿಷಯದಲ್ಲಿ ಮಾಡಿದ್ದಕ್ಕೆ ಆ ಸಬೂಬು ಇಲ್ಲ. ಅವಳನ್ನು ರಾಣೆಬೆನ್ನೂರು ಕಡೆಯ ಹಳ್ಳಿಗೆ ಕೊಟ್ಟಿದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ಮೇಲೆ ಫೋನ್ ಮಾಡಿದಳು. “ಅಣ್ಣಾ, ತಲಿ ಬಾಚಿದ್ರ ಕೈತುಂಬ ಕೂದ್ಲ ಬರಾಕತ್ತಾವು. ಏನ್ ಮಾಡ್ಲಿ?” ಮನೆಯಲ್ಲಿ ಕೂದಲ ವಿಷಯಕ್ಕೆ ಪಂಡಿತ ನಾನೇ ಅಲ್ಲವೇ. “ನಮ್ಮ ಮನಿತನದ್ದವಾ ಅದು, ಗಾಬರಿ ಆಗಬ್ಯಾಡ” ಎಂದು ನನ್ನ ಎಣ್ಣೆಯದೇ ಒಂದು ಶೀಶೆ ಕಳಿಸಿದೆ.

ಗಾಬರಿ ಬೇಡ ಎಂದದ್ದು ಅರ್ಧ ಸರಿ. ಬಸಿರಿನಲ್ಲಿ ಉದುರದೆ ನಿಂತ ಕೂದಲು ಹೆರಿಗೆಯಾದ ಎರಡು ಮೂರು ತಿಂಗಳಿಗೆ ಒಟ್ಟಿಗೇ ಉದುರತೊಡಗುತ್ತದೆ, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಡೆಂಗ್ಯೂ, ಟೈಫಾಯ್ಡ್, ದೊಡ್ಡ ಆಪರೇಶನ್, ಮೈ ಇಳಿಸಲು ಊಟ ಬಿಡುವುದು, ಇವುಗಳ ನಂತರವೂ ಹೀಗೆಯೇ. ಜ್ವರ ಮರೆತುಹೋದ ಮೇಲೆ ಕೂದಲು ಉದುರುವುದರಿಂದ ಎರಡಕ್ಕೂ ನಂಟು ಕಾಣುವುದಿಲ್ಲ. ಆದರೆ ತಂಗಿಯ ಮಗನಿಗೆ ವರ್ಷ ದಾಟಿದರೂ ಉದುರುವುದು ನಿಲ್ಲಲಿಲ್ಲ. ನಾಲ್ಕು ಮೆಟ್ಟಿಲಿಗೆ ಏದುಸಿರು. ಹಬ್ಬಕ್ಕೆ ಬಂದಾಗ ಡಬ್ಬಿಯಿಂದ ಹಸಿ ಅಕ್ಕಿ ಮುಕ್ಕುತ್ತಿದ್ದಳು. “ಇನ್ನೊಂದು ಮದುವೆಗೆ ಮಳೆ ತರಿಸ್ತೀಯೇನು” ಎಂದು ನಾವೆಲ್ಲ ನಕ್ಕೆವು. ಹಸಿ ಅಕ್ಕಿ, ಮಣ್ಣು, ಬಳಪ ತಿನ್ನುವ ಚಪಲ ಕಬ್ಬಿಣಾಂಶದ ಕೊರತೆಯ ಗುರುತೆಂದು ಗೊತ್ತಿದ್ದರೆ ನಗು ಬರುತ್ತಿರಲಿಲ್ಲ.

ಬೀಜದ ಪ್ಲಾಟಿನಲ್ಲಿ ಟೊಮೆಟೊ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದಾಗ ಅವಳು ತಲೆ ತಿರುಗಿ ಬಿದ್ದಳು. ಹಾವೇರಿಗೆ ಕರೆತಂದು ತೋರಿಸಿದೆವು. ಹೆಣ್ಣುಮಕ್ಕಳಿಗೆ 12 ಇರಬೇಕಾದ ಹಿಮೋಗ್ಲೋಬಿನ್ ಅವಳಿಗೆ 7ಕ್ಕೆ ಇಳಿದಿತ್ತು. ಹೆರಿಗೆಯ ನಂತರವೂ 180 ದಿನ ನುಂಗಲು ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕಬ್ಬಿಣದ ಗುಳಿಗೆ ಹೊಟ್ಟೆ ತೊಳಸುತ್ತದೆಂದು ಮಾಡಿನಲ್ಲೇ ಉಳಿದಿದ್ದವು. ಚರ್ಮರೋಗದ ವೈದ್ಯೆ ಅವಳ ಬೈತಲೆ ಬಿಡಿಸಿ ನೋಡಿ, ಕೂದಲಿನ ಒಂದು ಸಣ್ಣ ಕುಚ್ಚು ಹಿಡಿದು ಮೆಲ್ಲಗೆ ಎಳೆದು, ರಕ್ತದ ವರದಿ ಓದಿ ಕೇಳಿದರು: “ಇಷ್ಟು ದಿನ ಏನು ಮಾಡಿದಿರಿ?” ಎಣ್ಣೆ ಹಚ್ಚಿದೆವು ಎಂದೆ. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಅವತ್ತೇ ನನ್ನ ತಲೆಯ ಬಗ್ಗೆಯೂ ಕೇಳಿದೆ. ಗಂಡಸರ ಬೋಳಿಗೆ ಮೂಲ ಡಿಎಚ್‌ಟಿ ಎಂಬ ಹಾರ್ಮೋನು, ಟೆಸ್ಟೊಸ್ಟಿರೋನಿನಿಂದ ಆಗುವಂಥದ್ದು. ಅದಕ್ಕೆ ಸೂಕ್ಷ್ಮವಾಗಿರುವ ಕೂದಲ ಬುಡ ಸುತ್ತಿನಿಂದ ಸುತ್ತಿಗೆ ಕುಗ್ಗುತ್ತಾ, ಕೂದಲು ನವಿರಾಗಿ, ಕೊನೆಗೆ ಮಾಯವಾಗುತ್ತದೆ. ಆ ಸೂಕ್ಷ್ಮತೆ ತಾಯಿಯ ಕಡೆಯಿಂದಲೂ ಬರಬಹುದು, ತಂದೆಯ ಕಡೆಯಿಂದಲೂ. ಪ್ರಾಯಕ್ಕೆ ಮೊದಲೇ ವೃಷಣ ಕಳೆದುಕೊಂಡವರಿಗೆ ಬೋಳಾಗುವುದಿಲ್ಲ, ಹಾರ್ಮೋನು ಕೊಟ್ಟರೆ ಮನೆತನದಲ್ಲಿ ಬೋಳು ಇರುವವರಿಗಷ್ಟೇ ಆಗುತ್ತದೆ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ಬರೆದಿದ್ದರು. ರಕ್ತದೊತ್ತಡದ ಗುಳಿಗೆಯಾಗಿದ್ದ ಮಿನಾಕ್ಸಿಡಿಲ್ ನುಂಗಿದವರ ಮೈಯೆಲ್ಲ ಕೂದಲು ಬೆಳೆದಾಗ ಅದನ್ನು ತಲೆಗೆ ಹಚ್ಚುವ ಲೋಶನ್ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಡಿಎಚ್‌ಟಿ ತಗ್ಗಿಸುವ ಫಿನಾಸ್ಟರೈಡ್ 1 ಮಿಲಿಗ್ರಾಂ ಗುಳಿಗೆಗೆ 1997ರಲ್ಲಿ. ಎರಡೂ ಹಚ್ಚುವ, ನುಂಗುವ ತನಕ ಮಾತ್ರ ಕೆಲಸ ಮಾಡುತ್ತವೆ. ಗುಳಿಗೆಯಿಂದ ಕೆಲವರಿಗೆ ಲೈಂಗಿಕ ತೊಂದರೆ ಬರುವುದುಂಟು. ಗರ್ಭಿಣಿಯರು ಪುಡಿಯಾದ ಗುಳಿಗೆಯನ್ನು ಮುಟ್ಟಲೂಬಾರದು. ಲೋಶನ್ ಬೆಕ್ಕಿಗೆ ವಿಷ, ಮನೆಯಲ್ಲಿ ಬೆಕ್ಕಿದ್ದರೆ ಎಚ್ಚರ. ಈಚೆಗೆ ಎಲ್ಲರೂ ನುಂಗುವ ಬಯೋಟಿನ್ ನನಗಂತೂ ದಂಡದ ಖರ್ಚು ಎನಿಸುತ್ತದೆ: ಅದರ ಕೊರತೆ ಅಪರೂಪ, ಮೇಲಾಗಿ ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು.

“ನನಗೆ ಈಗ ಬರತಾವೇನ್ರಿ ಮೇಡಂ?” ಎಂದೆ. ಇರುವುದನ್ನು ಉಳಿಸಿಕೊಳ್ಳಬಹುದು, ನುಣುಪಾಗಿ ಹೊಳೆಯುವ ಕಡೆ ಔಷಧಿಯಿಂದ ಬರುವುದು ಕಷ್ಟ, ಬೇಕಿದ್ದರೆ ಹಿಂದಲೆಯದನ್ನು ಕಿತ್ತು ಮುಂದೆ ನೆಡಬಹುದು ಎಂದರು. ಕೆಲವು ವರ್ಷ ಮೊದಲು ಬಂದಿದ್ದರೆ ಎಂಬ ಮಾತನ್ನು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ. ನೆಡಿಸುವ ಗೋಜಿಗೆ ಹೋಗಿಲ್ಲ. ತಂಗಿ ಕಬ್ಬಿಣದ ಗುಳಿಗೆಯನ್ನು ನಿಂಬೆ ಶರಬತ್ತಿನ ಜೊತೆ ನುಂಗಿದಳು, ಊಟದ ಬೆನ್ನಿಗೆ ಚಹಾ ಬಿಟ್ಟಳು. ಅಕ್ಕಿ ಮುಕ್ಕುವುದು ಬೇಗನೆ ನಿಂತಿತು. ಕೂದಲು ಮರಳಲು ತಿಂಗಳುಗಳೇ ಹಿಡಿದವು. ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೇ ಬೆಳೆಯುವ ವಸ್ತು ಅದು.

ಇಷ್ಟಾದ ಮೇಲೆ ನಾನು ಕಲಿತದ್ದು ಹೇಳುತ್ತೇನೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರಿದರೆ ಚಿಂತೆ ಬೇಡ. ರೂಪಾಯಿಯಗಲ ದುಂಡಗೆ ಬೋಳಾದರೆ ‘ಹುಳ ತಿಂದೈತಿ’ ಎಂದು ಬೆಳ್ಳುಳ್ಳಿ ತಿಕ್ಕಬೇಡಿ. ಅದು ಮೈಯ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿ ಬೀಳುವ ಕಾಯಿಲೆಯಿರಬಹುದು, ಇಲ್ಲವೇ ಹುಳಕಡ್ಡಿಯಿರಬಹುದು, ಎರಡಕ್ಕೂ ಔಷಧಿ ಬೇರೆ ಬೇರೆ. ಉರಿ, ಕೀವು, ಕಲೆ ಇದ್ದರೆ ತಡಮಾಡದೆ ತೋರಿಸಿ. ಮನೆಯ ಹೆಣ್ಣುಮಗಳು ಕೂದಲು ಉದುರುತ್ತಿದೆ, ಸುಸ್ತು ಎಂದರೆ ಎಣ್ಣೆ ಕೊಳ್ಳುವ ಮೊದಲು ಹಿಮೋಗ್ಲೋಬಿನ್, ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ.