ಮರವಂತೆಯ ಮಳಲಿನ ಏಡಿಗಳು

ಕುಂದಾಪುರದಿಂದ ಬೈಂದೂರಿನ ಕಡೆಗೆ ಸುಮಾರು 20 ಕಿಲೋಮೀಟರು ಸಾಗಿದರೆ ಮರವಂತೆಯು ಸಿಕ್ಕುವುದು. ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ. ಈ ನೋಟವನ್ನು ಬಣ್ಣಿಸಿದವರು ಬಹಳ ಮಂದಿ. ಆದರೆ ಅಲ್ಲಿಯ ಮಳಲಿನಲ್ಲಿ ಒಕ್ಕಲಿರುವವರ ಸಮಾಚಾರವನ್ನು ಕೇಳಿದವರು ವಿರಳ. ತುಳುವರು ಡೆಂಜಿಯೆಂದೂ ಕೊಂಕಣಿಗರು ಕುರ್ಲಿಯೆಂದೂ ಕರೆಯುವ ಏಡಿಗಳೇ ಆ ಒಕ್ಕಲುಗಳು. ಮಳೆಗಾಲವು ಕಳೆದ ಮೇಲೆ ನಾವು ಅವುಗಳ ಬಾಳುವೆಯನ್ನು ನೋಡುವುದಕ್ಕೆಂದೇ ಅಲ್ಲಿಗೆ ಹೋದೆವು.

ಹೊತ್ತು ಇಳಿದು ಮಳಲು ತಂಪಾಗುತ್ತಲೇ ಬಿಲಗಳ ಬಾಯಲ್ಲಿ ಕಡ್ಡಿಯಂತೆ ನೆಟ್ಟಗೆ ನಿಂತ ಎರಡೆರಡು ಕಣ್ಣುಗಳು ಕಾಣಿಸಿಕೊಳ್ಳುವುವು. ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಕಣ್ಣುಗಳು ಮಾಯ! ಮೈಗೆ ಮಳಲಿನದೇ ಬಣ್ಣ. ಓಟವು ಅಡ್ಡಡ್ಡಲಾಗಿ, ಮಿಂಚಿನಂತೆ. ಆದುದರಿಂದಲೇ ಇಂಗ್ಲಿಷರು ಇದನ್ನು ಭೂತದ ಏಡಿಯೆಂದು ಕರೆದರು. ಶಾಸ್ತ್ರಜ್ಞರು ಇಟ್ಟಿರುವ ‘ಆಸಿಪೋಡೆ’ ಎಂಬ ಗ್ರೀಕ್ ಮೂಲದ ಹೆಸರಿಗೆ ಶೀಘ್ರಪಾದವುಳ್ಳದ್ದು ಎಂದು ಅರ್ಥ.

ಇದು ನೆಲದ ಪ್ರಾಣಿಯೋ ನೀರಿನ ಪ್ರಾಣಿಯೋ ಎಂದು ವಾಚಕರು ಕೇಳಬಹುದು. ಎರಡೂ ಅಹುದು, ಎರಡೂ ಅಲ್ಲ. ಅದು ಉಸಿರಾಡುವುದು ಕಿವಿರುಗಳಿಂದ. ಕಿವಿರು ಒಣಗಿದರೆ ಪ್ರಾಣವೇ ಹೋಗುವುದು. ಹಾಗೆಂದು ನೀರಿನಲ್ಲಿಯೇ ಮುಳುಗಿಸಿಟ್ಟರೂ ಅದು ಬಹುಕಾಲ ಬಾಳಲಾರದು. ಈ ಇಕ್ಕಟ್ಟಿಗೆ ಬಿಲವೇ ಪರಿಹಾರ. ಕಾಲುಗಳ ಬುಡದಲ್ಲಿರುವ ಕೂದಲಿನ ಕುಚ್ಚುಗಳನ್ನು ತೇವದ ಮಳಲಿಗೆ ತಾಗಿಸಿದರೆ, ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ, ನೀರು ಕಿವಿರಿನ ಗೂಡಿಗೆ ಏರುವುದು. ದೊಡ್ಡ ಏಡಿಗಳು ದಡದ ಮೇಲ್ಭಾಗದಲ್ಲಿ, ಕೆಲವು ವೇಳೆ ಒಂದು ಮೀಟರಿನಷ್ಟು ಆಳಕ್ಕೆ, ತೇವವು ಸಿಕ್ಕುವ ತನಕ ತೋಡುವುವು. ಅಷ್ಟು ತೋಡಲಾರದ ಮರಿಗಳು ಸಾಮಾನ್ಯವಾಗಿ ನೀರಂಚಿನ ಬಳಿಯಲ್ಲಿಯೇ ಸಣ್ಣ ಬಿಲ ಮಾಡಿಕೊಳ್ಳುವುವು. ಹೀಗೆ ನೀರಿನಿಂದ ಮೇಲಕ್ಕೆ ನಡೆಯುತ್ತ ಬಂದರೆ ಏಡಿಯ ಬಾಲ್ಯದಿಂದ ಪ್ರಾಯಕ್ಕೆ ನಡೆದಂತಾಗುವುದು.

ಅಲೆಯ ಬಾಯಲ್ಲಿ ಬೇರೊಂದು ಸಂಸಾರವುಂಟು. ಇಂತಹ ದಡಗಳಲ್ಲಿ ಅಲೆಯು ಹಿಂದೆ ಸರಿದಾಗ ಒದ್ದೆಯ ಮಳಲನ್ನು ಬೊಗಸೆಯಲ್ಲಿ ಎತ್ತಿದರೆ ಹೆಬ್ಬೆರಳ ತುದಿಯಷ್ಟಿರುವ, ತತ್ತಿಯ ಆಕಾರದ ಪ್ರಾಣಿಯೊಂದು ಸಿಕ್ಕುವುದುಂಟು. ಇದು ‘ಎಮೆರಿಟಾ’, ನಿಜವಾದ ಏಡಿಗಳಿಗೆ ದಾಯಾದಿ. ಇದಕ್ಕೆ ಇಕ್ಕಳವೂ ಇಲ್ಲ, ಬಿಲವೂ ಇಲ್ಲ. ಹಿಮ್ಮುಖವಾಗಿ ಕ್ಷಣಮಾತ್ರದಲ್ಲಿ ಮಳಲಿಗಿಳಿದು, ಗರಿಯಂತಹ ಮೀಸೆಗಳನ್ನು ಚಾಚಿ, ಹಿಂದಿರುಗುವ ನೀರಿನಿಂದ ಸೂಕ್ಷ್ಮವಾದ ಆಹಾರವನ್ನು ಸೋಸಿಕೊಳ್ಳುವುದು. ಭರತವು ಏರಿದಂತೆ ತಾನೂ ಮೇಲಕ್ಕೆ, ಇಳಿದಂತೆ ತಾನೂ ಕೆಳಕ್ಕೆ ಬಿಡಾರ ಬದಲಾಯಿಸುವುದು. ಒಂದೇ ದಡ, ಆದರೆ ಹತ್ತಾರು ಹೆಜ್ಜೆಗಳ ಅಂತರದಲ್ಲಿ ಬಾಳಿನ ರೀತಿಯೇ ಬೇರೆ!

ಇವುಗಳ ಸಂತಾನದ ಕಥೆಯು ಇನ್ನೂ ಸೋಜಿಗವಾದುದು. ಭೂತದ ಏಡಿಯ ತಾಯಿಯು ಸಾವಿರಾರು ತತ್ತಿಗಳನ್ನು ಹೊಟ್ಟೆಯ ಮಡಿಕೆಯಡಿಯಲ್ಲಿ ಹೊತ್ತು ತಿರುಗಿ, ಅವು ಬಲಿತ ಮೇಲೆ ನೀರಂಚಿಗೆ ಬಂದು ಕಡಲಿಗೆ ಒಪ್ಪಿಸುವುದು. ಹೊರಬಂದ ಶಿಶುವಿಗೆ ತಾಯಿಯ ಹೋಲಿಕೆ ಎಳ್ಳಷ್ಟೂ ಇಲ್ಲ. ವಾರಗಟ್ಟಲೆ ತೇಲುತ್ತ, ಪೊರೆ ಕಳಚುತ್ತ, ರೂಪ ಬದಲಿಸುತ್ತ, ಮೀನುಗಳ ಬಾಯಿಗೆ ತಪ್ಪಿ ಉಳಿದ ಕೆಲವೇ ಕೆಲವು ದಡವನ್ನು ಸೇರುವುವು. ಅದು ತಾಯಿಯ ದಡವೇ ಆಗಬೇಕೆಂದಿಲ್ಲ. ಪ್ರವಾಹವು ಒಯ್ದು ಮುಟ್ಟಿಸಿದುದೇ ಊರು. ಆದುದರಿಂದ ಒಂದು ಊರಿನ ಮಳಲು ಕೆಟ್ಟರೆ ಅದರ ನಷ್ಟವು ಆ ಊರಿಗೆ ಮಾತ್ರವೇ ಎಂದು ಹೇಳುವಂತಿಲ್ಲ.

ಜೂನ್ ತಿಂಗಳಿಂದ ಸೆಪ್ಟೆಂಬರಿನ ತನಕ ನಮ್ಮ ಪಡುಗಡಲು ದಡದ ಮಳಲನ್ನು ಕೊರೆದು ಒಯ್ಯುವುದು. ಮಳೆಗಾಲವು ತೀರಿದ ಮೇಲೆ ಬಹುಮಟ್ಟಿಗೆ ಅದನ್ನೇ ತಂದು ಹಾಕುವುದು. ಈ ಕೊಳುಕೊಡುಗೆಗೆ ಏಡಿಗಳು ಒಗ್ಗಿಹೋಗಿವೆ. ಅವು ಒಗ್ಗಲಾರದುದು ಕಲ್ಲಿಗೆ. ಮರವಂತೆಯಲ್ಲಿ ಹೆದ್ದಾರಿಯ ರಕ್ಷಣೆಗಾಗಿ ಬಂಡೆಗಳನ್ನು ಒಟ್ಟಿರುವರು. ಭರತದ ನೀರು ಕಲ್ಲನ್ನು ಮುಟ್ಟುವೆಡೆಯಲ್ಲಿ ಬಿಲ ತೋಡುವುದಕ್ಕೆ ಒಣ ಮಳಲೇ ಉಳಿಯುವುದಿಲ್ಲ. ಬಂಡೆಯನ್ನು ಅವುಚಿಕೊಳ್ಳಬಲ್ಲ ಚಪ್ಪಟೆ ಮೈಯ ಬೇರೆ ಜಾತಿಯ ಏಡಿಗಳಿಗೆ ಅಂತಹ ಎಡೆಗಳು ಒಪ್ಪುವುವು. ಆದರೆ ತೋಡಿಯೇ ಬದುಕಬೇಕಾದ ಏಡಿಗೆ ಅಲ್ಲಿ ನೆಲೆಯಿಲ್ಲ. ದಡವು ಬದಲಾದರೆ ಒಕ್ಕಲೂ ಬದಲಾಗುವುದು.

ಮನೆಯೂ ತೆಂಗಿನ ತೋಟವೂ ಕಡಲ ಪಾಲಾಗುವುದನ್ನು ಕಂಡವರ ಮುಂದೆ ಏಡಿಯ ಪರವಾಗಿ ವಾದಿಸುವುದು ಸುಲಭವಲ್ಲ. ಅವರಿಗೆ ಕಲ್ಲಿನ ಒಡ್ಡು ಬೇಕೆನ್ನಿಸುವುದು ಸಹಜವೇ. ಆದರೆ ಅಗಲವಾದ ಮಳಲ ದಡವೂ, ನೇರಿಳೆ ಹೂವಿನ ಹಂಬುಬಳ್ಳಿಗಳು ಹಿಡಿದಿಟ್ಟ ದಿಬ್ಬವೂ ಅಲೆಯ ಪೆಟ್ಟನ್ನು ತಾಳುವ ಒಡ್ಡುಗಳೇ ಎಂಬುದನ್ನು ಮರೆಯಬಾರದು. ಅವು ಇನ್ನೂ ಉಳಿದಿರುವ ಕಡೆಗಳಲ್ಲಿ ಮಳಲನ್ನು ಅಗೆದು ಸಾಗಿಸುವುದೂ, ದಡದ ಮೇಲೆ ವಾಹನಗಳನ್ನು ಓಡಿಸುವುದೂ ಇದ್ದ ಒಡ್ಡನ್ನು ನಾವೇ ಕೆಡವಿದಂತೆ ಸರಿ.

ದಡವು ಕೆಟ್ಟಿದೆಯೋ ನೆಟ್ಟಗಿದೆಯೋ ಎಂಬುದನ್ನು ತಿಳಿಯಲು ಹಲವು ದೇಶಗಳ ಸಂಶೋಧಕರು ಭೂತದ ಏಡಿಯ ಬಿಲಗಳನ್ನು ಎಣಿಸುವರು. ಜನರ ತುಳಿತವೂ ಗಾಡಿಗಳ ಓಡಾಟವೂ ಹೆಚ್ಚಿದಲ್ಲಿ ಬಿಲಗಳು ಕಡಮೆಯಾಗುವುದನ್ನು ಅವರು ಕಂಡಿರುವರು. ಈ ಎಣಿಕೆಗೆ ಯಂತ್ರವೂ ಬೇಡ, ಹಣವೂ ಬೇಡ. ಕಡಲ ತಡಿಗೆ ಹೋಗುವ ಗೃಹಸ್ಥರು ಮಕ್ಕಳ ಕೈಯಿಂದ ಇದನ್ನು ಮಾಡಿಸಬಹುದು. ನೂರು ಹೆಜ್ಜೆಯ ಉದ್ದಕ್ಕೆ ಬಿಲಗಳೆಷ್ಟೆಂದು ಬರೆದಿಟ್ಟು, ಮರುವರ್ಷ ಅದೇ ತಿಂಗಳಲ್ಲಿ ಅದೇ ಎಡೆಯಲ್ಲಿ ಮತ್ತೆ ಎಣಿಸಲಿ. ಸಂಖ್ಯೆಯು ಇಳಿದಿದ್ದರೆ ಏಕೆ ಇಳಿಯಿತೆಂದು ಅವರೇ ಕೇಳುವರು. ಉತ್ತರ ಹೇಳಬೇಕಾದವರು ಹಿರಿಯರು.