ಕಲ್ಲಿನೊಳಗಿನ ಮೀನು

ನಮ್ಮ ಮನೆಯ ಷೋಕೇಸಿನಲ್ಲಿ ಅಂಗೈಯಗಲದ ಒಂದು ಕಲ್ಲಿದೆ. ನಸುಗೆಂಪು ಮೈ; ನಡುವೆ ಹೆಬ್ಬೆರಳುದ್ದದ ಒಂದು ಕಪ್ಪು ಆಕೃತಿ. ಅದರ ಒಂದು ತುದಿ ದುಂಡಗೆ, ಇನ್ನೊಂದು ಬಾಲದಂತೆ ಸಪೂರ. ರಾಮನಗರದ ಬಂಡೆಗಳ ನಡುವೆ ಬೆಳೆದ ನನ್ನ ತಂದೆಯವರು ನೌಕರಿಗಾಗಿ ಮುಂಬಯಿಗೆ ಹೊರಟಾಗ ಟ್ರಂಕಿನಲ್ಲಿಟ್ಟುಕೊಂಡು ತಂದದ್ದು. ವರ್ಲಿಯ ಚಾಳಿನ ಒಂಟಿಕೋಣೆಗೆ ಯಾರೇ ಬರಲಿ, ಚಹಾದ ಜೊತೆಗೆ ಈ ಕಲ್ಲಿನ ದರ್ಶನವೂ ಆಗಲೇಬೇಕು. "ಪ್ರಳಯಕಾಲದ ಮೀನು ಇದು, ಕಲ್ಲಾಗಿಬಿಟ್ಟಿದೆ" ಎನ್ನುವರು. ಮರಾಠಿ ನೆರೆಹೊರೆಯವರು ಕೈಮುಗಿದದ್ದೂ ಉಂಟು. ತಂದೆಯವರು ತೀರಿಕೊಂಡ ಮೇಲೆ ಅವರ ಕನ್ನಡಕ, ಪಂಚಾಂಗಗಳ ಜೊತೆ ಈ ಮೀನೂ ನನ್ನ ಪಾಲಿಗೆ ಬಂತು.

ಕಳೆದ ವರ್ಷ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೇಕೆಂದು ಮೊಮ್ಮಗಳು ಆ ಕಲ್ಲನ್ನು ಕೇಳಿದಳು. 'ಮೀನಿನ ಪಳೆಯುಳಿಕೆ, ರಾಮನಗರ' ಎಂದು ಚೀಟಿಯನ್ನೂ ಬರೆದಿಟ್ಟಿದ್ದಳು. ಚಾಳಿನಲ್ಲಿ ಹೇಳಿದ ಕಥೆ ಬೇರೆ, ಪ್ರದರ್ಶನದಲ್ಲಿಡುವ ಚೀಟಿ ಬೇರೆ. ಮನಸ್ಸು ಅಳುಕಿತು. ಡೊಂಬಿವಲಿಯಲ್ಲಿರುವ, ಭೂವಿಜ್ಞಾನ ಬೋಧಿಸಿ ನಿವೃತ್ತರಾದ ಗೆಳೆಯರೊಬ್ಬರ ಬಳಿಗೆ ಕಲ್ಲನ್ನು ಒಯ್ದೆ.

ಅವರು ಮೀನಿನತ್ತ ನೋಡಲೇ ಇಲ್ಲ, ಸುತ್ತಲಿನ ಕಲ್ಲನ್ನು ನೋಡಿದರು. "ಮೊದಲು ಮನೆ ಯಾವುದೆಂದು ತಿಳಿಯಬೇಕು, ಒಳಗಿರುವವರು ಯಾರೆಂಬುದು ಆಮೇಲೆ" ಎಂದರು. ಪಳೆಯುಳಿಕೆಗಳ ಮನೆ ಕೆಸರು, ಮರಳು, ಸುಣ್ಣ ಪದರಪದರವಾಗಿ ಶೇಖರವಾಗಿ ಗಟ್ಟಿಯಾದ ಶಿಲೆ. ಗ್ರಾನೈಟ್ ಹುಟ್ಟುವುದು ಭೂಮಿಯೊಳಗೆ ಹಲವು ಕಿಲೋಮೀಟರ್ ಆಳದಲ್ಲಿ, ಸುಮಾರು 700 ಡಿಗ್ರಿ ಶಾಖದ ಶಿಲಾಪಾಕ ನಿಧಾನವಾಗಿ ಆರಿದಾಗ. ಅಲ್ಲಿ ಮೀನು ಈಜುವುದೂ ಇಲ್ಲ, ಬಿದ್ದರೆ ಮುಳ್ಳೂ ಉಳಿಯುವುದಿಲ್ಲ.

ವಯಸ್ಸಿನ ಲೆಕ್ಕವೂ ಮೀನಿಗೆ ವಿರುದ್ಧವಾಗಿಯೇ ಇತ್ತು. ರಾಮನಗರಕ್ಕೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಅಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಮೇಲೆ ಮೀನುಗಳು ಕಾಣಿಸಿಕೊಂಡು 50 ಕೋಟಿ ವರ್ಷಗಳ ಆಸುಪಾಸು ಆಗಿದೆಯಷ್ಟೆ. ಮೊದಲ ಮೀನು ಹುಟ್ಟುವ ಹೊತ್ತಿಗೆ ಅಪ್ಪನ ಕಲ್ಲಿಗೆ 200 ಕೋಟಿ ವರ್ಷ ತುಂಬಿತ್ತು.

ಹಾಗಾದರೆ ಈ ಕಪ್ಪು ಏನು? ಅವರು ನನ್ನ ಕೈಗೆ ಮಸೂರವನ್ನು ಕೊಟ್ಟರು. ಹುರುಪೆ, ಮುಳ್ಳು, ಎಡಬಲದ ಸಮತೆ, ಕ್ರಮವಾಗಿ ಮರುಕಳಿಸುವ ಗೆರೆಗಳಂತಹ ಜೀವಿಯ ಗುರುತು ಒಂದೂ ಕಾಣಲಿಲ್ಲ. ಕಂಡದ್ದು ಒಂದಕ್ಕೊಂದು ಹೆಣೆದುಕೊಂಡ ಖನಿಜದ ಹರಳುಗಳು ಮಾತ್ರ. ಹೊರಗಡೆ ನಸುಗೆಂಪು ಫೆಲ್ಡ್‌ಸ್ಪಾರ್ ಮತ್ತು ಬೆಣಚು ಹೆಚ್ಚು. ಒಳಗಡೆ ಕಪ್ಪು ಅಭ್ರಕ ಹೆಚ್ಚು. ಗ್ರಾನೈಟಿನಲ್ಲಿ ಇಂಥ ಕಪ್ಪು ಸೇರ್ಪಡೆಗಳು ಸಾಮಾನ್ಯ. ಕೆಲವು, ಶಿಲಾಪಾಕ ಮೇಲೇರುವಾಗ ಕಿತ್ತು ತಂದ ಹಳೆಯ ಬಂಡೆಯ ಚೂರುಗಳು. ಅವುಗಳ ಅಂಚು ಅನೇಕ ವೇಳೆ ಮೊನಚಾಗಿರುತ್ತದೆ. ಅಂಥವಕ್ಕೆ ವಿಜ್ಞಾನಿಗಳಿಟ್ಟ ಹೆಸರು ಕ್ಸೆನೊಲಿತ್. ಗ್ರೀಕ್ ಮೂಲದಲ್ಲಿ ಅದರ ಅರ್ಥ ಪರಕೀಯ ಕಲ್ಲು. ಇನ್ನು ಕೆಲವು, ಬೇರೊಂದು ಶಿಲಾಪಾಕದ ಹನಿಗಳು. ದುಂಡಗೆ, ಹರಿವಿನಲ್ಲಿ ಎಳೆದಂತೆ ಇರುತ್ತವೆ. ನಮ್ಮ ಮೀನಿನ ಅಂಚಿನ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ, ಒಂದು ಕೆಂಪು ಹರಳು ಕುಳಿತಿತ್ತು. ಎರಡೂ ಮೆದುವಾಗಿದ್ದಾಗಲೇ ಅವು ಕೂಡಿರಬೇಕು, ಪೂರ್ತಿ ಬೆರೆಯುವ ಮೊದಲೇ ಗಟ್ಟಿಯಾಗಿರಬೇಕು ಎಂದರು ಗೆಳೆಯರು.

ಮೋಸಹೋಗುವ ದಾರಿಗಳು ಬೇರೆಯೂ ಇವೆ. ಕಲ್ಲಿನ ಬಿರುಕುಗಳಲ್ಲಿ ಮ್ಯಾಂಗನೀಸ್ ಹರಡಿ ಜರೀಗಿಡದ ಎಲೆಯಂಥ ಚಿತ್ತಾರ ಮೂಡುತ್ತದೆ. ಎಲೆಯೆಂದೇ ಹಲವರು ಅದನ್ನು ಜೋಪಾನ ಮಾಡುತ್ತಾರೆ. ಕಲ್ಲಿನಂಗಡಿಯ ಮಾತನ್ನೂ ನಂಬುವಂತಿಲ್ಲ. ಅಲ್ಲಿ ಹೊಳಪು ಕೊಟ್ಟ ಗಟ್ಟಿ ಕಲ್ಲೆಲ್ಲ ಗ್ರಾನೈಟೇ. ಚಾಮರಾಜನಗರದ ಕರಿ ಗ್ರಾನೈಟ್ ವಾಸ್ತವದಲ್ಲಿ ಡಾಲೆರೈಟ್. ಇನ್ನೊಂದೆಡೆ, ನಮ್ಮ ಫೋರ್ಟ್ ಪ್ರದೇಶದ ಹಳೆಯ ಕಟ್ಟಡಗಳಲ್ಲಿ ಕಾಣುವ ಪೋರಬಂದರಿನ ಸುಣ್ಣಕಲ್ಲು ಏನೂ ಚಿತ್ತಾರವಿಲ್ಲದೆ ಸಪ್ಪೆಯಾಗಿ ತೋರುತ್ತದೆ. ಮಸೂರ ಹಿಡಿದರೆ ಅದರ ತುಂಬ ಸೂಕ್ಷ್ಮ ಕಡಲಜೀವಿಗಳ ಚಿಪ್ಪು.

ಏಳುವ ಮೊದಲು ಗೆಳೆಯರು, ತಂದೆಯವರು ಎಲ್ಲಿ ವಾಸವಾಗಿದ್ದರೆಂದು ವಿಚಾರಿಸಿದರು. ವರ್ಲಿ ಎಂದೆ. ಅವರು ನಕ್ಕುಬಿಟ್ಟರು. ಮುಂಬಯಿಯ ನೆಲ ಬಹುಪಾಲು ಲಾವಾ ಆರಿ ಆದ ಬಸಾಲ್ಟ್. ಅದರಲ್ಲೂ ಪಳೆಯುಳಿಕೆಯ ನಿರೀಕ್ಷೆ ಸಲ್ಲದು. ಆದರೆ ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ದೀರ್ಘ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಕೆರೆಗಳು ತುಂಬಿದವು, ಕೆಸರು ಕೂತಿತು. ವರ್ಲಿಯಲ್ಲಿ ಅಂಥ ಕೆಸರಿನ ಪದರಗಳಿಂದಲೇ ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳು ದೊರೆತವು. 1847ರಲ್ಲಿ ರಿಚರ್ಡ್ ಓವೆನ್ ಅವುಗಳಿಗೆ ರಾನಾ ಪುಸಿಲ್ಲಾ ಎಂದು ಹೆಸರಿಟ್ಟರು. ಈಗ ಅವು ಇಂಡೊಬಟ್ರಾಕಸ್. ವಯಸ್ಸು ಸುಮಾರು 6.5 ಕೋಟಿ ವರ್ಷ. ಊರಿನಿಂದ ತಂದ ಮೀನನ್ನು ತಂದೆಯವರು ಬಂದವರಿಗೆಲ್ಲ ತೋರಿಸುತ್ತಿದ್ದ ವರ್ಲಿಯ ನೆಲದಲ್ಲೇ ನಿಜವಾದ ಪಳೆಯುಳಿಕೆಗಳಿದ್ದವು. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಹಿಂದಿರುಗುವಾಗ ಲೋಕಲ್ ಗಾಡಿಯಲ್ಲಿ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಪ್ಪ ಸುಳ್ಳು ಹೇಳಿದವರಲ್ಲ. ಅವರಿಗೆ ಹಾಗೆ ಕಂಡಿತ್ತು, ಹಾಗೆ ಹೇಳಿದರು. ಆದರೂ ಮೊಮ್ಮಗಳಿಗೆ ನಿಜ ತಿಳಿಸುವುದೆಂದರೆ ಅವರ ಮಾತನ್ನು ನಾನೇ ತೆಗೆದುಹಾಕಿದಂತೆ. ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಹೇಳಿದೆ, ಮಸೂರದಲ್ಲಿ ಆ ಕೆಂಪು ಹರಳನ್ನು ತೋರಿಸಿದೆ. ಅವಳು ಬೇಸರಿಸಲಿಲ್ಲ. ಹಳೆಯ ಚೀಟಿ ಹರಿದು ಹೊಸದನ್ನು ಬರೆದಳು: 'ಇದು ಮೀನಲ್ಲ. 250 ಕೋಟಿ ವರ್ಷದ ಗ್ರಾನೈಟಿನಲ್ಲಿ ಸಿಕ್ಕಿಕೊಂಡ ಇನ್ನೊಂದು ಕಲ್ಲು.' ಕೆಳಗೆ ಸಣ್ಣ ಅಕ್ಷರದಲ್ಲಿ, 'ನನ್ನ ಮುತ್ತಾತ ಇದನ್ನು ಮೀನು ಎಂದುಕೊಂಡು ಮುಂಬಯಿಗೆ ತಂದರು.'

ಕೊನೆಯ ಸಾಲು ಬೇಡವೇನೋ ಎಂದೆ.

"ಅದೂ ನಿಜಾನೇ ಅಲ್ವಾ, ತಾತ?" ಎಂದಳು.